ಮಂಡ್ಯ ಯಾರ ಕಡೆ? ಜಿಲ್ಲೆಯ ವೋಟಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚುನಾವಣೆ ಹತ್ತಿರ ಬಂದರೆ ಸಾಕು, ಹೊರಗಿನವರಿಗೆಲ್ಲ ಮಂಡ್ಯ ನೆನಪಾಗುತ್ತದೆ. ಟೀವಿಯವರು ಕಬ್ಬಿನ ಗದ್ದೆ ಮುಂದೆ ನಿಂತು ಮೈಕ್ ಹಿಡಿಯುತ್ತಾರೆ. "ಏನಪ್ಪಾ, ನಿಮ್ಮ ಕಡೆ ಏನ್ ಕಥೆ?" ಅಂತ ಬೆಂಗಳೂರಿನ ನೆಂಟರು ಫೋನ್ ಮಾಡುತ್ತಾರೆ. ಅಂಥವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ಇದೇ ಜಿಲ್ಲೆಯವನು. ಯಾವ ಪಕ್ಷದ ಶಾಲನ್ನೂ ಹಾಕಿಕೊಂಡಿಲ್ಲ.

ಮೊದಲಿಗೆ, ಮಂಡ್ಯ ಅಂದರೆ ಯಾವ ಮಂಡ್ಯ?

ಇದನ್ನು ಬಿಡಿಸಿಕೊಳ್ಳದೆ ಮಾತಾಡಿದರೆ ಲೆಕ್ಕ ತಪ್ಪುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳಿವೆ: ಮಂಡ್ಯ, ಮದ್ದೂರು, ಮಳವಳ್ಳಿ, ಮೇಲುಕೋಟೆ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲು. ಲೋಕಸಭಾ ಕ್ಷೇತ್ರಕ್ಕೆ ಈ ಏಳರ ಜೊತೆ ಮೈಸೂರು ಜಿಲ್ಲೆಯ ಕೆ.ಆರ್. ನಗರವೂ ಸೇರುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ನೂರಕ್ಕೆ 83 ಮಂದಿ ಹಳ್ಳಿಯವರೇ.

ಮಂಡ್ಯ ಜೆಡಿಎಸ್ ಭದ್ರಕೋಟೆ ಅಂತಾರಲ್ಲ, ನಿಜಾನಾ?

ಅರ್ಧ ನಿಜ. 2018ರ ವಿಧಾನಸಭೆ ಚುನಾವಣೆಯಲ್ಲಿ ಏಳಕ್ಕೆ ಏಳೂ ಜೆಡಿಎಸ್ ಪಾಲಾದವು. ಅದನ್ನು ನೋಡಿದವರು ಇನ್ನು ಇಲ್ಲಿ ಬೇರೆಯವರಿಗೆ ಜಾಗವೇ ಇಲ್ಲ ಅಂದುಕೊಂಡರು. ಐದೇ ವರ್ಷದಲ್ಲಿ, 2023ಕ್ಕೆ, ಅದೇ ಏಳರಲ್ಲಿ ಜೆಡಿಎಸ್‌ಗೆ ಉಳಿದದ್ದು ಕೆ.ಆರ್. ಪೇಟೆ ಒಂದೇ. ಕಾಂಗ್ರೆಸ್ ಐದು ಗೆದ್ದಿತು. ಮೇಲುಕೋಟೆ ರೈತ ಸಂಘದವರ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಅವರಿಗೆ ಹೋಯಿತು. ಅದಾಗಿ ಒಂದೇ ವರ್ಷಕ್ಕೆ, 2024ರ ಲೋಕಸಭೆಯಲ್ಲಿ, ಅದೇ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ ಬಿಜೆಪಿ ಜೊತೆ ಕೈಜೋಡಿಸಿ 2,84,620 ಮತಗಳಿಂದ ಗೆದ್ದರು.

ನನ್ನ ಪ್ರಕಾರ ಮಂಡ್ಯದಲ್ಲಿ ಪಕ್ಷಕ್ಕಿಂತ ಮನೆತನ, ಮನುಷ್ಯ ಮತ್ತು ಆ ಹೊತ್ತಿನ ಸಿಟ್ಟು ಜಾಸ್ತಿ ಕೆಲಸ ಮಾಡುತ್ತವೆ. ದಳಕ್ಕೆ ಇಲ್ಲಿ ಬೇರು ಇರುವುದು ಸುಳ್ಳಲ್ಲ. ಅದಕ್ಕೂ ಮುಂಚೆ ಜನತಾ ಪಕ್ಷಕ್ಕೆ, ಜನತಾ ದಳಕ್ಕೆ, ಇನ್ನೂ ಹಿಂದೆ ಪ್ರಜಾ ಸಮಾಜವಾದಿಗಳಿಗೆ ಇಲ್ಲಿ ಜಾಗ ಇತ್ತು. ಆದರೆ ಯಾವ ಪಕ್ಷವೂ ಈ ಜಿಲ್ಲೆಯನ್ನು ಸೋಲಿಲ್ಲದೆ ಹಿಡಿದಿಟ್ಟುಕೊಂಡಿಲ್ಲ.

ಐದಾರು ತಿಂಗಳಲ್ಲಿ ಇಡೀ ಲೋಕಸಭಾ ಕ್ಷೇತ್ರ ತಲೆಕೆಳಗಾಗಿದ್ದು ಹೇಗೆ?

2018–19ರ ಕಥೆ ಕೇಳುತ್ತಿದ್ದೀರಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಂಡ್ಯದ ವೋಟು ಹೇಗೆ ಯೋಚನೆ ಮಾಡುತ್ತದೆ ಅನ್ನುವುದು ಇಲ್ಲಿ ಕಂಡಷ್ಟು ಚೆನ್ನಾಗಿ ಇನ್ನೆಲ್ಲೂ ಕಾಣುವುದಿಲ್ಲ.

2018ರ ನವೆಂಬರ್‌ನಲ್ಲಿ ಲೋಕಸಭೆ ಉಪಚುನಾವಣೆ ನಡೆಯಿತು. ಸಂಸದರಾಗಿದ್ದ ಸಿ.ಎಸ್. ಪುಟ್ಟರಾಜು ಮೇಲುಕೋಟೆಯಿಂದ ಶಾಸಕರಾದ ಕಾರಣ ಸೀಟು ಖಾಲಿಯಾಗಿತ್ತು. ರಾಜ್ಯದಲ್ಲಿ ಆಗ ಜೆಡಿಎಸ್–ಕಾಂಗ್ರೆಸ್ ಸಮ್ಮಿಶ್ರ ಸರ್ಕಾರ. ಎರಡೂ ಪಕ್ಷ ಸೇರಿ ನಿಲ್ಲಿಸಿದ ಎಲ್.ಆರ್. ಶಿವರಾಮೇಗೌಡರು ಮೂರೂಕಾಲು ಲಕ್ಷದಷ್ಟು ಅಂತರದಿಂದ ಗೆದ್ದರು. ಎಲ್ಲರೂ ಆ ಅಂತರವನ್ನೇ ನೋಡಿದರು. ನೋಡಬೇಕಾಗಿದ್ದ ಅಂಕಿ ಇನ್ನೊಂದಿತ್ತು. 2014ರಲ್ಲಿ ಒಂದು ಲಕ್ಷ ವೋಟನ್ನೂ ಮುಟ್ಟದಿದ್ದ ಬಿಜೆಪಿ ಈ ಸಲ 2.4 ಲಕ್ಷ ದಾಟಿತ್ತು. ಹೆಚ್ಚು ಹೆಸರಿಲ್ಲದ ಅಭ್ಯರ್ಥಿಗೆ ಅಷ್ಟು ವೋಟು ಎಲ್ಲಿಂದ ಬಂತು? ತಲೆಮಾರಿನಿಂದ ದಳದವರ ಜೊತೆ ಜಗಳ ಆಡಿಕೊಂಡು ಬಂದ ಕಾಂಗ್ರೆಸ್ ಮನೆಗಳು ಬೆಂಗಳೂರಿನಲ್ಲಿ ನಾಯಕರು ಕೈ ಕುಲುಕಿದ ಮಾತ್ರಕ್ಕೆ ದಳದ ಚಿಹ್ನೆಯಾದ ತೆನೆ ಹೊತ್ತ ಮಹಿಳೆಗೆ ಒತ್ತಲು ಒಪ್ಪಿರಲಿಲ್ಲ. ಹಳ್ಳಿಯಲ್ಲಿ ಕಾಂಗ್ರೆಸ್ ಮತ್ತು ದಳ ಅಂದರೆ ಎರಡು ಸಿದ್ಧಾಂತ ಅಂತೇನೂ ಅರ್ಥವಿಲ್ಲ. ಅವು ಎರಡು ಬೀದಿ, ಡೇರಿ ಚುನಾವಣೆಯ ಎರಡು ಗುಂಪು, ಹಬ್ಬದಲ್ಲಿ ಮೊದಲ ಪೂಜೆ ಯಾರಿಗೆ ಅನ್ನುವ ಎರಡು ವಾದ. ಅದು ಒಂದು ಮೈತ್ರಿಯಿಂದ ಕರಗುವುದಿಲ್ಲ.

ಅದೇ ನವೆಂಬರ್ 24ರಂದು ನಟ ಅಂಬರೀಶ್ ತೀರಿಕೊಂಡರು. ಅವರು ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯವರು, 1998ರಿಂದ ಸತತ ಮೂರು ಸಲ ಇಲ್ಲಿನ ಸಂಸದರು. ಮೊದಲ ಸಲ ಜನತಾ ದಳದಿಂದ, ಆಮೇಲೆ ಎರಡು ಸಲ ಕಾಂಗ್ರೆಸ್‌ನಿಂದ. ಅವರ ಹೆಂಡತಿ ಸುಮಲತಾ ಕಾಂಗ್ರೆಸ್ ಟಿಕೆಟ್ ಕೇಳಿದರು. ಸೀಟು ಹಂಚಿಕೆಯಲ್ಲಿ ಮಂಡ್ಯ ಜೆಡಿಎಸ್‌ಗೆ ಹೋಯಿತು. ಜೆಡಿಎಸ್ ಆಗ ಮುಖ್ಯಮಂತ್ರಿಯಾಗಿದ್ದ ಕುಮಾರಸ್ವಾಮಿ ಅವರ ಮಗ ನಿಖಿಲ್ ಅವರನ್ನು ನಿಲ್ಲಿಸಿತು. ಸುಮಲತಾ ಪಕ್ಷೇತರರಾಗಿ ನಿಂತರು. ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತು, ರೈತ ಸಂಘವೂ ಜೊತೆಗೆ ಬಂತು.

ಆಗ ಲೋಕಸಭಾ ಕ್ಷೇತ್ರದ ಎಂಟಕ್ಕೆ ಎಂಟೂ ಶಾಸಕರು ಜೆಡಿಎಸ್‌ನವರು. ಅದರಲ್ಲಿ ಮೂವರು ಮಂತ್ರಿಗಳು. ಬಜೆಟ್ಟಿನಲ್ಲಿ ಜಿಲ್ಲೆಗೆ ದೊಡ್ಡ ಘೋಷಣೆಗಳಾಗಿದ್ದವು. ಕಾಗದದ ಮೇಲೆ ಸೋಲುವ ದಾರಿಯೇ ಇರಲಿಲ್ಲ. ಆದರೆ ಮುಖಂಡರ ಮಾತುಗಳು ಕೆಟ್ಟವು. ಗಂಡ ತೀರಿಕೊಂಡ ಹೆಣ್ಣುಮಗಳ ಬಗ್ಗೆ ವೇದಿಕೆ ಮೇಲೆ ಆಡಿದ ಮಾತು ಹಳ್ಳಿಯ ಹೆಂಗಸರಿಗೆ ನೇರ ನಾಟಿತು. "ನಮ್ಮನ್ನ ಏನ್ ಅಂದ್ಕೊಂಡವ್ರೆ?" ಅನ್ನುವುದು ಆ ಬೇಸಿಗೆಯ ಮಾತಾಯಿತು. ಸುಮಲತಾ ಕಡೆಯವರು ಇದನ್ನು ಸ್ವಾಭಿಮಾನ ಅಂದರು. ಆ ಹೆಸರು ಗಟ್ಟಿಯಾಗಿ ನಿಂತಿತು.

ಕಣದಲ್ಲಿ ಸುಮಲತಾ ಅನ್ನುವ ಹೆಸರಿನ ಇನ್ನೂ ಮೂವರಿದ್ದರು. ಮತಪತ್ರದಲ್ಲಿ ಮೊದಲು ಮಾನ್ಯತೆ ಪಡೆದ ಪಕ್ಷದವರು, ಆಮೇಲೆ ಸಣ್ಣ ಪಕ್ಷದವರು, ಕೊನೆಗೆ ಪಕ್ಷೇತರರು ಅಕ್ಷರಕ್ರಮದಲ್ಲಿ ಬರುತ್ತಾರೆ. ಹಾಗಾಗಿ ಒಂದೇ ಹೆಸರಿನವರು ಒಂದೇ ಕಡೆ ಗುಂಪಾಗುತ್ತಾರೆ. ಓದಲು ಬಾರದ ಅಜ್ಜಿಗೆ ಇದು ಗೊಂದಲ ಅಲ್ವಾ? ಹೊಸ ಚಿಹ್ನೆ ಬೇರೆ: ಕಹಳೆ ಊದುವ ರೈತ. ಮನೆಮನೆಯ ಮೊಮ್ಮಕ್ಕಳು ಮೊಬೈಲ್‌ನಲ್ಲಿ ಆ ಚಿತ್ರ ತೋರಿಸಿ, "ಅಜ್ಜಿ, ಹೆಸರು ಬುಡು, ಕಹಳೆ ನೋಡು, ಮುಖ ನೋಡು" ಅಂತ ಪಾಠ ಮಾಡಿದರು. ಸುಮಲತಾ 7,03,660 ಮತ ಪಡೆದರು, ನಿಖಿಲ್ 5,77,784. ಅಂತರ 1,25,876.

ಹಾಗಾದರೆ 2023ರಲ್ಲಿ ಕಾಂಗ್ರೆಸ್, 2024ರಲ್ಲಿ ಮತ್ತೆ ದಳ ಯಾಕೆ?

ಎರಡು ಕಾರಣ ಇವೆ. ಒಂದು ಸುಮ್ನೆ ಕೂಡುವ ಲೆಕ್ಕ. 2023ರಲ್ಲಿ ಜೆಡಿಎಸ್, ಬಿಜೆಪಿ ಬೇರೆ ಬೇರೆ ನಿಂತವು. ಮಂಡ್ಯ ಕ್ಷೇತ್ರದಲ್ಲಿ ಕಾಂಗ್ರೆಸ್ ಗೆದ್ದಿದ್ದು ಎರಡು ಸಾವಿರದ ಆಸುಪಾಸಿನ ಮತದಿಂದ. ನಾಗಮಂಗಲದಲ್ಲಿ ನಾಲ್ಕು ಸಾವಿರ ಚಿಲ್ಲರೆ. ಸೀಟು ನೋಡಿದರೆ ಜೆಡಿಎಸ್ ಮುಳುಗಿತ್ತು, ವೋಟು ನೋಡಿದರೆ ಇನ್ನೂ ತೇಲುತ್ತಿತ್ತು. ಮುಂದಿನ ವರ್ಷ ಎರಡೂ ಪಕ್ಷ ಒಂದಾದಾಗ ಆ ವೋಟುಗಳು ಕೂಡಿಕೊಂಡವು. 2018ರಲ್ಲಿ ಕಾಂಗ್ರೆಸ್–ದಳ ಕೂಡಿದಾಗ ಸೋರಿ ಹೋದಂತೆ ಈ ಸಲ ಸೋರಲಿಲ್ಲ. ಹಳ್ಳಿಗಳಲ್ಲಿ ದಳ ಮತ್ತು ಬಿಜೆಪಿ ನಡುವೆ ಹಳೆಯ ಹಗೆ ಇರಲಿಲ್ಲ ಅನ್ನುವುದು ಇದಕ್ಕೆ ಮುಖ್ಯ ಕಾರಣ.

ಇನ್ನೊಂದು, ಜನ ಎರಡು ವೋಟನ್ನು ಎರಡು ಥರ ಬಳಸುತ್ತಾರೆ. ಶಾಸಕ ಅಂದರೆ ಮದುವೆಗೆ, ತಿಥಿಗೆ, ಪೊಲೀಸ್ ಸ್ಟೇಷನ್ನಿಗೆ ಬರುವವನು. ಸಂಸದ ಅಂದರೆ ದೆಹಲಿಯಲ್ಲಿ ನಮ್ಮ ಹೆಸರು ಹೇಳುವವನು. ಎದುರಿಗಿದ್ದ ಕಾಂಗ್ರೆಸ್ ಅಭ್ಯರ್ಥಿ ವೆಂಕಟರಮಣೇಗೌಡರು, ಅಂದರೆ ಸ್ಟಾರ್ ಚಂದ್ರು, ರಾಜಕೀಯಕ್ಕೆ ಹೊಸಬರು. ಎರಡು ಸಲ ಮುಖ್ಯಮಂತ್ರಿಯಾದವರ ಎದುರು ಆ ತಕ್ಕಡಿ ಸಮ ತೂಗಲಿಲ್ಲ.

ಎಲ್ಲಾ ಜಾತಿ ಲೆಕ್ಕ ಅಷ್ಟೇ ಅಲ್ವಾ?

ಜಾತಿ ಇದೆ. ಇಲ್ಲ ಅಂದರೆ ನಗುತ್ತಾರೆ. ಜಿಲ್ಲೆಯಲ್ಲಿ ಒಕ್ಕಲಿಗರು ಜಾಸ್ತಿ. ಆದಿಚುಂಚನಗಿರಿ ಮಠ ಇರುವುದೂ ನಾಗಮಂಗಲ ತಾಲ್ಲೂಕಿನಲ್ಲೇ. ಎಚ್.ಡಿ. ದೇವೇಗೌಡರು ಹಾಸನದವರಾದರೂ ಇಲ್ಲಿ "ದೊಡ್ಡಗೌಡ್ರು" ಅಂದರೆ ಅವರೊಬ್ಬರೇ.

ಆದರೆ ಜಾತಿಯಿಂದ ಫಲಿತಾಂಶ ಗೊತ್ತಾಗುವುದಿಲ್ಲ. ಮೀಸಲು ಕ್ಷೇತ್ರ ಬಿಟ್ಟರೆ ಉಳಿದ ಕಡೆ ಮುಖ್ಯ ಪಕ್ಷಗಳ ಅಭ್ಯರ್ಥಿಗಳು ಹೆಚ್ಚು ಕಮ್ಮಿ ಎಲ್ಲರೂ ಒಕ್ಕಲಿಗರೇ. ಇಬ್ಬರು ಗೌಡರು ಎದುರು ಬದುರು ನಿಂತಾಗ ಗೌಡರ ವೋಟು ಯಾರಿಗೆ ಅಂತ ಕೇಳಿ ಏನು ಪ್ರಯೋಜನ? ಅಲ್ಲಿ ಕೆಲಸ ಮಾಡುವುದು ಊರು, ನೆಂಟಸ್ತಿಕೆ, ಹಳೆಯ ಉಪಕಾರ. ಅಂಥ ಕಡೆ ದಲಿತರು, ಕುರುಬರು, ಲಿಂಗಾಯತರು, ಮುಸ್ಲಿಮರು, ಬೆಸ್ತರು ಮತ್ತಿತರ ಸಮುದಾಯಗಳ ವೋಟು ಯಾವ ಕಡೆ ವಾಲುತ್ತದೋ ಆ ಕಡೆಗೆ ಗೆಲುವು. ಇದನ್ನು ಟೀವಿ ಚರ್ಚೆಗಳಲ್ಲಿ ಯಾರೂ ಹೇಳುವುದಿಲ್ಲ. ಮಂಡ್ಯ ಅಂದರೆ ಗೌಡರು, ಗೌಡರು ಅಂದರೆ ದಳ ಅಂತ ಎರಡೇ ಮಾತಿನಲ್ಲಿ ಮುಗಿಸುತ್ತಾರೆ.

ಕಾವೇರಿ ನೀರಿಗೂ ವೋಟಿಗೂ ನಿಜವಾಗಿ ಸಂಬಂಧ ಇದೆಯಾ?

ಇದೆ. ಮಂಡ್ಯದಲ್ಲಿ ಮಳೆಗಾಲದಲ್ಲಿ ಪೇಪರ್ ಕೈಗೆ ಬಂದರೆ ಜನ ಮೊದಲು ಹುಡುಕುವುದು ಒಂದು ಸಣ್ಣ ಚೌಕ: ಕೆಆರ್‌ಎಸ್ ಇಂದಿನ ಮಟ್ಟ, ಒಳಹರಿವು, ಹೊರಹರಿವು. ಗರಿಷ್ಠ ಮಟ್ಟ 124.80 ಅಡಿ ಅನ್ನುವುದು ಇಲ್ಲಿ ಶಾಲೆ ಮಕ್ಕಳಿಗೂ ಬಾಯಿಪಾಠ. 110 ದಾಟಿದರೆ ಟೀ ಅಂಗಡಿಯಲ್ಲಿ ಮುಖ ಅರಳುತ್ತದೆ. ಒಳಹರಿವು ಕಮ್ಮಿ, ಹೊರಹರಿವು ಜಾಸ್ತಿ ಅಂತ ಇದ್ದರೆ ಬೈಗುಳ ಶುರು. ಬೈಸಿಕೊಳ್ಳುವವರು ಆಗ ಯಾರು ಅಧಿಕಾರದಲ್ಲಿದ್ದಾರೋ ಅವರು.

ಕಾವೇರಿ ನ್ಯಾಯಮಂಡಳಿಯ 1991ರ ಮಧ್ಯಂತರ ಆದೇಶದಿಂದ ಹಿಡಿದು ಇಲ್ಲಿಯವರೆಗೆ ಬರಗಾಲ ಬಂದಾಗಲೆಲ್ಲ ಹೆದ್ದಾರಿ ಬಂದ್ ಆಗಿದೆ. ಈ ಹೋರಾಟದ ಹಿರಿಯ ಜಿ. ಮಾದೇಗೌಡರು ಕಾಂಗ್ರೆಸ್‌ನಿಂದ ಇಲ್ಲಿನ ಸಂಸದರಾಗಿದ್ದವರು. 2007ರಲ್ಲಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂದಾಗ ಅಂಬರೀಶ್ ಕೇಂದ್ರ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಹಾಗಂತ ನೀರಿನ ಹೆಸರಲ್ಲಿ ಕುರ್ಚಿ ಬಿಟ್ಟವರೆಲ್ಲ ಗೆಲ್ಲುತ್ತಾರೆ ಅಂತಲ್ಲ. ಅದೇ ಅಂಬರೀಶ್ 2009ರ ಲೋಕಸಭೆಯಲ್ಲಿ ಜೆಡಿಎಸ್‌ನ ಚಲುವರಾಯಸ್ವಾಮಿ ಎದುರು ಸೋತರು. ನೀರು ಬಿಟ್ಟವರಿಗೆ ಶಿಕ್ಷೆ ಬೇಗ, ನೀರಿಗಾಗಿ ಕೂತವರಿಗೆ ಬಹುಮಾನ ನಿಧಾನ.

2023ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಳೆ ಕೈಕೊಟ್ಟು, ತಮಿಳುನಾಡಿಗೆ ನೀರು ಬಿಡುವ ಆದೇಶ ಬಂದು, ಸೆಪ್ಟೆಂಬರ್ 23ರಂದು ಮಂಡ್ಯ ಬಂದ್ ಆಯಿತು. ಬೇಸಿಗೆ ಬೆಳೆಗೆ ನಾಲೆಯಲ್ಲಿ ನೀರಿಲ್ಲದ ಸಿಟ್ಟು 2024ರ ಏಪ್ರಿಲ್‌ವರೆಗೂ ಇತ್ತು. ಕಾಂಗ್ರೆಸ್ ಸೋಲಿಗೆ ಅದೊಂದೇ ಕಾರಣ ಅನ್ನಲಾರೆ. ಕಾರಣಗಳಲ್ಲಿ ಒಂದು ಅನ್ನುವುದರಲ್ಲಿ ಅನುಮಾನ ಇಲ್ಲ.

ಕಬ್ಬು, ಸಕ್ಕರೆ ಕಾರ್ಖಾನೆ?

1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿ, ನಮ್ಮ ಬಾಯಲ್ಲಿ ಮೈಷುಗರ್, ಈ ಜಿಲ್ಲೆಯ ರಾಜಕೀಯದ ಹಳೆಯ ವೇದಿಕೆ. ಅದು ನಿಂತು ಹೋದ ವರ್ಷಗಳಲ್ಲಿ ಎಲ್ಲಾ ಪಕ್ಷದವರೂ ಗೇಟಿನ ಮುಂದೆ ಭಾಷಣ ಮಾಡಿದ್ದಾರೆ. 2022ರಲ್ಲಿ ಮತ್ತೆ ಕಬ್ಬು ಅರೆಯಿತು. ಪಾಂಡವಪುರದ ಸಹಕಾರಿ ಕಾರ್ಖಾನೆ 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಗೆ ಹೋಯಿತು. ಕಟಾವಿಗೆ ಬಂದ ಕಬ್ಬು ಗದ್ದೆಯಲ್ಲೇ ಒಣಗುತ್ತಿದ್ದರೆ, ಬಾಕಿ ದುಡ್ಡು ಬರದೆ ಇದ್ದರೆ, ರೈತನಿಗೆ ಚುನಾವಣಾ ಪ್ರಣಾಳಿಕೆ ಓದುವ ಅಗತ್ಯ ಬೀಳುವುದಿಲ್ಲ. ಕಟಾವಿನ ಪರ್ಮಿಟ್ ಯಾರು ಕೊಡಿಸಿದರು ಅನ್ನುವುದೇ ಅವನಿಗೆ ನೆನಪಿರುತ್ತದೆ.

ಇಡೀ ಜಿಲ್ಲೆ ಒಂದೇ ಥರ ವೋಟು ಹಾಕುತ್ತಾ?

ಇಲ್ಲ. ವಿಶ್ವೇಶ್ವರಯ್ಯ ನಾಲೆ ಹರಿಯುವ ಮಂಡ್ಯ, ಮದ್ದೂರು, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಒಂದು ಹದ. ಹೇಮಾವತಿ ನೀರಿಗೆ ಕಾಯುವ ನಾಗಮಂಗಲ, ಕೆ.ಆರ್. ಪೇಟೆಯ ಒಣಭೂಮಿಯ ಕಡೆ ಇನ್ನೊಂದು.

ಮೇಲುಕೋಟೆಯದು ಬೇರೆಯೇ ದಾರಿ. ಹಳೆಯ ಪಾಂಡವಪುರ ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಮೇಲುಕೋಟೆ ಆಯಿತು. ರೈತ ಹೋರಾಟದ ಹಸಿರು ಶಾಲು ವಿಧಾನಸೌಧದ ಒಳಗೆ ಹೋಗುವ ಕೆಲವೇ ಬಾಗಿಲುಗಳಲ್ಲಿ ಇದೊಂದು. ರೈತ ಸಂಘದ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಗೆದ್ದರು. 2018ರ ಫೆಬ್ರವರಿಯಲ್ಲಿ ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡಲು ಹೋದಾಗ ಹೃದಯಾಘಾತವಾಗಿ ತೀರಿಕೊಂಡರು. ಅಮೆರಿಕದಲ್ಲಿದ್ದ ಮಗ ದರ್ಶನ್ ಬಂದು ನಿಂತರು. ಅನುಕಂಪದ ಅಲೆ ಏಳಬೇಕಿತ್ತು ಅಲ್ವಾ? ಸೋತರು. ಐದು ವರ್ಷ ಓಡಾಡಿ 2023ರಲ್ಲಿ ಕಾಂಗ್ರೆಸ್ ಬೆಂಬಲದಿಂದ ಗೆದ್ದರು. "ಸಾವಿಗೆ ವೋಟು ಹಾಕುವ ಜನ" ಅಂತ ಮಂಡ್ಯವನ್ನು ಗೇಲಿ ಮಾಡುವವರು ಈ ಎರಡು ಫಲಿತಾಂಶವನ್ನು ಮರೆಯುತ್ತಾರೆ.

ಪಕ್ಷ ಬಿಟ್ಟು ಹೋದವರನ್ನು ಜನ ಕ್ಷಮಿಸುತ್ತಾರಾ?

ಕಾಯಿಸಿ ಕ್ಷಮಿಸುತ್ತಾರೆ. ಚಲುವರಾಯಸ್ವಾಮಿ ಮತ್ತು ರಮೇಶ್ ಬಂಡಿಸಿದ್ದೇಗೌಡ 2013ರಲ್ಲಿ ಜೆಡಿಎಸ್ ಶಾಸಕರು. ಬಂಡಾಯ ಎದ್ದು ಕಾಂಗ್ರೆಸ್ ಸೇರಿದರು. 2018ರಲ್ಲಿ ಇಬ್ಬರೂ ಸೋತರು, 2023ರಲ್ಲಿ ಇಬ್ಬರೂ ಗೆದ್ದರು. ಕೆ.ಆರ್. ಪೇಟೆಯ ಕೆ.ಸಿ. ನಾರಾಯಣಗೌಡರದ್ದು ಉಲ್ಟಾ: ದಳ ಬಿಟ್ಟು ಬಿಜೆಪಿಗೆ ಹೋಗಿ 2019ರ ಉಪಚುನಾವಣೆಯಲ್ಲಿ ತಕ್ಷಣ ಗೆದ್ದು ಮಂತ್ರಿಯಾದರು, 2023ರಲ್ಲಿ ಸೋತರು. ಇಂದಿನ ಕಾಂಗ್ರೆಸ್ ಮುಖಗಳಲ್ಲಿ ಹಲವರು ಒಂದು ಕಾಲದಲ್ಲಿ ದೊಡ್ಡಗೌಡರ ಮನೆ ಅಂಗಳದಲ್ಲೇ ಬೆಳೆದವರು. ಹಾಗಾಗಿ ಇಲ್ಲಿ "ದಳ ಸೋತು ಕಾಂಗ್ರೆಸ್ ಗೆದ್ದಿತು" ಅಂದಾಗ ಹಳ್ಳಿಯಲ್ಲಿ ಕೆಲವೊಮ್ಮೆ ಬದಲಾಗಿರುವುದು ಫ್ಲೆಕ್ಸಿನ ಬಣ್ಣ ಮಾತ್ರ.

ಬಿಜೆಪಿ ಇಲ್ಲಿ ಯಾಕೆ ಬೆಳೆದಿಲ್ಲ?

ಬಿ.ಎಸ್. ಯಡಿಯೂರಪ್ಪ ಹುಟ್ಟಿದ್ದು ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆಯಲ್ಲಿ. ಆದರೂ ಜಿಲ್ಲೆಯಲ್ಲಿ ಕಮಲ ಮೊದಲ ಸಲ ಅರಳಿದ್ದು ಮೇಲೆ ಹೇಳಿದ 2019ರ ಉಪಚುನಾವಣೆಯಲ್ಲೇ. ಎರಡು ಮನೆತನದ ಜಗಳಕ್ಕೆ ಎರಡು ಪಕ್ಷ ಆಗಲೇ ಇದ್ದವು. ಮೂರನೆಯವರಿಗೆ ಬೂತ್ ಮಟ್ಟದಲ್ಲಿ ಮನುಷ್ಯರು ಸಿಗಲಿಲ್ಲ.

2023ರಲ್ಲಿ ಪಕ್ಷ ಜೋರು ಪ್ರಯತ್ನ ಮಾಡಿತು. ಪ್ರಧಾನಿ ಮೋದಿ ಮಾರ್ಚ್ 12ರಂದು ಬಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ಅದೇ ಹೊತ್ತಿಗೆ ಟಿಪ್ಪುವನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಒಕ್ಕಲಿಗರು ಅನ್ನುವ ಕಥೆ ಎದ್ದಿತು. ಆದಿಚುಂಚನಗಿರಿ ಸ್ವಾಮೀಜಿಯವರೇ ಇದು ಸಾಕು ಅಂದ ಮೇಲೆ ಆ ಕಥೆ ತಣ್ಣಗಾಯಿತು. ಆ ಚುನಾವಣೆಯಲ್ಲಿ ಬಿಜೆಪಿಗೆ ಜಿಲ್ಲೆಯಲ್ಲಿ ಒಂದೂ ಸೀಟು ಬರಲಿಲ್ಲ. 2024ರ ಜನವರಿಯಲ್ಲಿ ಕೆರಗೋಡಿನಲ್ಲಿ ಹನುಮ ಧ್ವಜ ಇಳಿಸಿದ ಗಲಾಟೆಗೆ ಜನ ಜಾಸ್ತಿ ಸೇರಿದರು, ಆಗ ಜೆಡಿಎಸ್ ಜೊತೆಗಿತ್ತು. ಮೈತ್ರಿಯಲ್ಲಿ ಬೆಳೆಯುವುದು ಯಾರು, ಕರಗುವುದು ಯಾರು ಅನ್ನುವ ಲೆಕ್ಕ ದಳದ ಹಳೆಯ ಕಾರ್ಯಕರ್ತರ ತಲೆಯಲ್ಲೂ ಓಡುತ್ತಿದೆ. ಬಾಯಿಬಿಟ್ಟು ಹೇಳುವವರು ಕಮ್ಮಿ.

ಸಿನಿಮಾದವರು ಬಂದರೆ ವೋಟು ಬೀಳುತ್ತಾ?

ಜನ ಸೇರುತ್ತಾರೆ. ವೋಟು ಬೇರೆ ವಿಷಯ. ನಟಿ ರಮ್ಯಾ 2013ರ ಉಪಚುನಾವಣೆಯಲ್ಲಿ ಗೆದ್ದರು, ಕೆಲವೇ ತಿಂಗಳಲ್ಲಿ, 2014ರಲ್ಲಿ, ಐದೂವರೆ ಸಾವಿರ ಮತದಿಂದ ಸೋತರು. ನಿಖಿಲ್ ಕೂಡ ನಟರೇ, ಸೋತರು. ಇದಕ್ಕಿಂತ ಹಳೆಯ ಪಾಠ ಮದ್ದೂರಿನದು. 1962ರಲ್ಲಿ ಕಾಂಗ್ರೆಸ್‌ನ ಕೆ.ವಿ. ಶಂಕರಗೌಡರ ಪರವಾಗಿ ಸ್ವತಃ ನೆಹರೂ ಬಂದು ಪ್ರಚಾರ ಮಾಡಿದರು. ಗೆದ್ದವರು ಸೋಮನಹಳ್ಳಿಯ ಯುವಕ, ಪಕ್ಷೇತರ ಎಸ್.ಎಂ. ಕೃಷ್ಣ.

ಇಷ್ಟು ಜಾಸ್ತಿ ಮತದಾನ ಹೇಗೆ ಆಗುತ್ತದೆ?

2019, 2024 ಎರಡೂ ಲೋಕಸಭೆಯಲ್ಲಿ ಇಲ್ಲಿ ಶೇ. 80 ದಾಟಿತ್ತು. 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಶೇ. 53ರ ಆಸುಪಾಸು. ಹಳ್ಳಿಯಲ್ಲಿ ಬೂತ್ ಅಂದರೆ ಮನೆ ಪಕ್ಕದ ಶಾಲೆ. ಯಾರು ಬಂದಿಲ್ಲ ಅನ್ನುವುದು ಮಧ್ಯಾಹ್ನಕ್ಕೇ ಎಲ್ಲರಿಗೂ ಗೊತ್ತಿರುತ್ತದೆ. ಪಟ್ಟಿ ಹಿಡಿದ ಏಜೆಂಟ್ ಅಣ್ಣನೋ ಭಾವನೋ ಆಗಿರುತ್ತಾನೆ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಹಿಂದಿನ ರಾತ್ರಿ ಬಸ್ಸು ಹತ್ತುತ್ತಾರೆ. ಎಷ್ಟೋ ಜನ ವೋಟರ್ ಲಿಸ್ಟಿನ ಹೆಸರನ್ನು ಊರಿನಿಂದ ತೆಗೆಸಿಯೇ ಇಲ್ಲ. ಅವರ ಬಸ್ ಚಾರ್ಜು ಯಾರು ಕೊಡುತ್ತಾರೆ ಅನ್ನುವುದು ನೀವೇ ಊಹಿಸಿ.

ಮನೆಯ ಯಜಮಾನ ಹೇಳಿದವರಿಗೇ ಹೆಂಗಸರು ಹಾಕುತ್ತಾರಾ?

ಮೊದಲು ಹಾಗಿತ್ತು ಅನ್ನುತ್ತಾರೆ. 2019 ಆ ನಂಬಿಕೆಯನ್ನು ಅಲ್ಲಾಡಿಸಿತು. ಈಗ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ, ಹಾಲು ಹಾಕುವ ಸಾಲಿನಲ್ಲಿ ಅವರದ್ದೇ ಮಾತುಕತೆ ನಡೆಯುತ್ತದೆ. ಆದರೆ ಗ್ಯಾರಂಟಿ ಕೊಟ್ಟವರಿಗೆಲ್ಲ ಹೆಂಗಸರ ವೋಟು ಗ್ಯಾರಂಟಿ ಅಂತಲೂ ಹೇಳಲಾಗದು. ಉಚಿತ ಬಸ್ಸು, ತಿಂಗಳಿಗೆ 2,000 ರೂಪಾಯಿ ಎರಡೂ ಬಂದ ಮೇಲೆಯೇ 2024ರಲ್ಲಿ ಕಾಂಗ್ರೆಸ್ ಇಲ್ಲಿ ದೊಡ್ಡ ಅಂತರದಲ್ಲಿ ಸೋತಿದ್ದು.

ಗ್ರಾಮ ಪಂಚಾಯ್ತಿ ಫಲಿತಾಂಶ ನೋಡಿ ಮುಂದಿನದು ಊಹಿಸಬಹುದಾ?

ಕಷ್ಟ. ಅಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ. ಗೆದ್ದವರನ್ನು ಮರುದಿನ ಎಲ್ಲಾ ಪಕ್ಷದವರೂ ನಮ್ಮವರು ಅಂತ ಎಣಿಸಿಕೊಳ್ಳುತ್ತಾರೆ. ಅದಕ್ಕಿಂತ ಹಾಲಿನ ಡೇರಿ, ಸೊಸೈಟಿ ಚುನಾವಣೆ ನೋಡಿ. ಯಾವ ಗುಂಪಿಗೆ ಊರಿನಲ್ಲಿ ಉಸಿರು ಇದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ.

ನಮ್ಮೂರಿನ ಬೂತಿನಲ್ಲಿ ಯಾರಿಗೆ ಎಷ್ಟು ಬಿತ್ತು, ಎಲ್ಲಿ ನೋಡಬಹುದು?

ಚುನಾವಣಾ ಆಯೋಗ ಬೂತ್‌ವಾರು ಲೆಕ್ಕವನ್ನು ನಮೂನೆ 20 ಅನ್ನುವ ಪಟ್ಟಿಯಲ್ಲಿ ಕೊಡುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಸಿಗುತ್ತದೆ. 2019, 2023, 2024ರ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಬೂತ್ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗಿರಬಹುದು, ಹಾಗಾಗಿ ಶಾಲೆಯ ಹೆಸರನ್ನೂ ಹೊಂದಿಸಿಕೊಳ್ಳಿ. ಲೋಕಸಭೆಯ ಪಟ್ಟಿಯನ್ನೂ ವಿಧಾನಸಭಾ ಕ್ಷೇತ್ರವಾರು ಬಿಡಿಸಿಯೇ ಕೊಟ್ಟಿರುತ್ತಾರೆ, ಹೋಲಿಸುವುದು ಕಷ್ಟವಿಲ್ಲ. ಅಂಚೆ ಮತಗಳನ್ನು ಬೂತಿಗೆ ಹಂಚಿರುವುದಿಲ್ಲ, ಕೊನೆಯಲ್ಲಿ ಬೇರೆ ಸಾಲಿನಲ್ಲಿ ಇರುತ್ತವೆ. ಒಂದೇ ಊರಿನ ಎರಡು ಬೂತ್‌ಗಳು ಎರಡು ದಿಕ್ಕಿಗೆ ಹೋಗಿದ್ದರೆ ಗಾಬರಿ ಬೇಡ. ಮೇಲಿನ ಬೀದಿ ಯಾವುದು, ಕೆಳಗಿನ ಬೀದಿ ಯಾವುದು ಅಂತ ಊರಿನ ಹಿರಿಯರನ್ನು ಕೇಳಿ, ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ.